ಎರಡನೇ ಕೂಗು

ಹಾಲು ಹೆಪ್ಪುಗಟ್ಟುವ ಹಾಗೆ ಒಂದು ಗುಡ್ಡವೇ ಹೆಪ್ಪುಗಟ್ಟಿದರೆ?

ನೀಲಗಂಗಾ ಈ ಪ್ರಶ್ನೆಯನ್ನು ಮೊದಲು ಕೇಳಿದ್ದು ಯಾವ ವಿಜ್ಞಾನಿಗಳ ಸಭೆಯಲ್ಲೂ ಅಲ್ಲ, ತನ್ನ ತಾಯಿ ಓಬಮ್ಮನ ಅಡುಗೆಮನೆಯಲ್ಲಿ. ರಜೆಗೆಂದು ಊರಿಗೆ ಬಂದವಳು ಮೊಸರಿನ ಗಡಿಗೆಯ ಮುಚ್ಚಳ ತೆಗೆದು, ಒಂದಿಷ್ಟು ವಾಲಿಸಿ, ನಿನ್ನೆ ನೀರಿನಂತಿದ್ದ ಹಾಲು ಬೆಳಗಾಗುವಷ್ಟರಲ್ಲಿ ಒಂದೇ ಗಡ್ಡೆಯಾಗಿ ನಿಂತದ್ದನ್ನು ನೋಡುತ್ತ ಕೂತುಬಿಟ್ಟಿದ್ದಳು. ಮಗಳ ಪ್ರಶ್ನೆ ಕೇಳಿ ಓಬಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಗುಡ್ಡ ಮೊಸರಾತಂದ್ರ ಕಡಿಯಾಕ ಕಡಗೋಲು ಯಾರ ಮನ್ಯಾಗಿಂದ ತರ್ತೀ ನನ್ನವ್ವ? ಓದಿ ಓದಿ ತಲಿ ಕೆಟ್ಟೈತಿ ನಿನಗ. ಮೊದ್ಲು ಆ ಗಡಿಗಿ ಅಲುಗಿಸೋದು ಬಿಡು. ಹೆಪ್ಪು ಕೂಡೋ ಮುಂದ ಅಲುಗಿಸಿದ್ರ ಬರೇ ನೀರು ಬಿಡ್ತೈತಿ.”

ನಗುವ ಮಾತೇನೂ ಅಲ್ಲ ಅದು. ಓಬಮ್ಮನ ಮನೆಯ ಹಿತ್ತಲ ಬಾಗಿಲು ತೆಗೆದರೆ ಸಾಕು, ಆ ಗುಡ್ಡ ಎದೆಯ ಮೇಲೆ ಬಂದು ಕೂತ ಹಾಗೆ ಕಾಣುತ್ತಿತ್ತು. ದೇವರಿಟ್ಟ ಗುಡ್ಡವಲ್ಲ. ಮಲ್ಲಾರಗುಡ್ಡ ಎಂಬ ಊರಿಗೆ ಆ ಹೆಸರು ಕೊಟ್ಟ ಗುಡ್ಡವನ್ನು ಕಬ್ಬಿಣದ ಅದಿರಿಗಾಗಿ ಅಗೆದೂ ಅಗೆದೂ ಪಾತಾಳ ಮಾಡಿ ಆಗಿತ್ತು. ಬೇಕಾದ್ದನ್ನು ಲಾರಿಗೆ ಹೇರಿ, ಬೇಡವಾದ ಕೆಂಪು ಧೂಳು, ಕಲ್ಲುಪುಡಿಯನ್ನೆಲ್ಲ ಪಕ್ಕದಲ್ಲಿ ಸುರಿದೂ ಸುರಿದೂ ಮನುಷ್ಯರು ಕಟ್ಟಿದ ಹೊಸ ಗುಡ್ಡವೇ ಇದು. ಜನ ಅದನ್ನು ದೊಡ್ಡ ಡಂಪು ಅನ್ನುತ್ತಿದ್ದರು. ಗಣಿ ಮುಚ್ಚಿತು, ಕಂಪನಿಯವರು ಗಂಟುಮೂಟೆ ಕಟ್ಟಿಕೊಂಡು ಹೋದರು, ಡಂಪು ಮಾತ್ರ ಎಲ್ಲೂ ಹೋಗಲಿಲ್ಲ.

ಹೋಗಲಿಲ್ಲ ಅಂದರೆ ಅದೂ ಸುಳ್ಳೇ. ಪ್ರತಿ ಮಳೆಗಾಲ ಒಂದಿಷ್ಟು ಕರಗಿ ಊರ ಕಡೆ ಬರುತ್ತಿತ್ತು. ಹಳ್ಳದಲ್ಲಿ ನೆತ್ತರಿನಂಥ ನೀರು ಹರಿಯುತ್ತಿತ್ತು. ಹೊಲಗಳ ಮೇಲೆ ಮೊಣಕಾಲುದ್ದ ಕೆಸರು ಕೂತು, ಒಣಗಿ, ಹೆಂಚಿನ ಹಾಗೆ ಬಿರಿಯುತ್ತಿತ್ತು. ಹೋದ ವರ್ಷವಂತೂ ಗಣಿಯ ಕೂಲಿಕಾರರ ಕಾಲೋನಿಯ ಮೇಲಿನ ಸಾಲಿನ ಮನೆಗಳು ಕಿಟಕಿಮಟ್ಟ ಹೂತುಹೋದವು. ಪುಣ್ಯಕ್ಕೆ ಹಗಲು ಹೊತ್ತು, ಜೀವಕ್ಕೇನೂ ಆಗಲಿಲ್ಲ. ಆಮೇಲೆ ಸರ್ಕಾರದ ತೀರ್ಮಾನ ಬಂತು: ಬರುವ ಮಳೆಗಾಲದೊಳಗೆ ಡಂಪು ಗಟ್ಟಿಯಾಗಿ ನಿಂತರೆ ಸರಿ, ಗುಡ್ಡವನ್ನೂ ಸುತ್ತಲಿನ ನೆಲವನ್ನೂ ಕಾಲೋನಿಯ ಸಂಘಕ್ಕೇ ಕೊಡುವುದು, ಬೆಳೆದುಕೊಂಡು ಬದುಕಲಿ. ನಿಲ್ಲದಿದ್ದರೆ ಇಡೀ ಮಲ್ಲಾರಗುಡ್ಡವನ್ನು ಎತ್ತಿ, ಮರವೊಂದೂ ಇಲ್ಲದ ದೂರದ ಬಯಲಿನ ಲೇಔಟಿಗೆ ಸಾಗಿಸುವುದು. “ಅಲ್ಲಿ ಹೋಗಿ ಏನ್ ಬಿಸಲು ತಿಂದು ಬದುಕಬೇಕಾ?” ಎಂದು ಓಬಮ್ಮ ಕೇಳಿದ್ದಕ್ಕೆ ಯಾವ ಅಧಿಕಾರಿಯ ಹತ್ತಿರವೂ ಉತ್ತರವಿರಲಿಲ್ಲ.

ಉತ್ತರ ಇದ್ದದ್ದು ಮಗಳ ಹತ್ತಿರ. ಕಬ್ಬಿಣದ ಕಣಗಳನ್ನೇ ಉಸಿರಾಗಿ ಮಾಡಿಕೊಂಡು ಬದುಕುವ ಸೂಕ್ಷ್ಮಜೀವಿಗಳನ್ನು ನೀಲಗಂಗಾ ಪ್ರಯೋಗಾಲಯದಲ್ಲಿ ಸಾಕಿದ್ದಳು. ಅವು ಮೈಯಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಚಾಚಿ ಪಕ್ಕದ ಕಣವನ್ನು ಮುಟ್ಟುತ್ತವೆ. ಆ ಎಳೆಗಳಲ್ಲಿ ವಿದ್ಯುತ್ತು ಹರಿಯುತ್ತದೆ. ಎಳೆಗೆ ಎಳೆ ಸೇರಿ ಬುಡದಿಂದ ನೆತ್ತಿಯ ತನಕ ಬಲೆ ಪೂರ್ತಿಯಾಯಿತು ಅನ್ನಿ, ಆ ಕ್ಷಣಕ್ಕೆ ಕೋಟಿ ಕೋಟಿ ಜೀವಿಗಳಿಗೆ ಒಂದೇ ಸಲ ಸುದ್ದಿ ಮುಟ್ಟುತ್ತದೆ. ಎಲ್ಲವೂ ಒಟ್ಟಿಗೇ ಅಂಟು ಬಿಡುತ್ತವೆ. ಪುಡಿ ಮಣ್ಣು ಗಡ್ಡೆಗಟ್ಟುತ್ತದೆ, ನೀರು ಹಿಡಿಯುತ್ತದೆ, ಬೇರಿಗೆ ಜಾಗ ಕೊಡುತ್ತದೆ. ಗಾಜಿನ ತೊಟ್ಟಿಯಲ್ಲಿ ಇದಕ್ಕೆಲ್ಲ ಒಂದು ದಿನ ಸಾಕಾಗಿತ್ತು. ಆದರೆ ಬಲೆ ಪೂರ್ತಿಯಾಗುವ ತನಕ ಆ ಎಳೆಗಳು ಹಸಿ. ನೆಲ ನಡುಗಿದರೆ ಪಟಪಟನೆ ಹರಿಯುತ್ತವೆ. ಓಬಮ್ಮನ ಗಡಿಗೆಯ ನಿಯಮವೇ ಇಲ್ಲೂ ಇತ್ತು.

ಹೆಸರೇನೋ ಉದ್ದದ್ದಿತ್ತು, ಕಾಲೋನಿಯ ಹೆಂಗಸರ ಬಾಯಲ್ಲಿ ಅದು ಹೆಪ್ಪೇ ಆಯಿತು. ಅದಿರು ತೊಳೆಯುತ್ತಿದ್ದ ಹಳೆಯ ತೊಟ್ಟಿಗಳಲ್ಲಿ ಬೆಲ್ಲದ ನೀರು, ಗಂಜಿ ಸುರಿದು ಅವರೇ ಅದನ್ನು ಬೆಳೆಸಿದರು. ಹಿಂದೆ ಅದೇ ತೊಟ್ಟಿಯ ಮುಂದೆ ಕೂತು ಅದಿರು ಆರಿಸಿ ಎದೆಯ ತುಂಬ ಧೂಳು ತುಂಬಿಕೊಂಡವರು ಅವರು. ಓಬಮ್ಮನಿಗೆ ಆ ಧೂಳು ಕೊಟ್ಟ ಕೆಮ್ಮು ಈಗಲೂ ಬಿಟ್ಟಿರಲಿಲ್ಲ. ಆದರೂ ಎಲ್ಲರಿಗಿಂತ ಮುಂದೆ ನಿಂತು ಕೋಲಾಡಿಸುತ್ತ, “ನನ್ನ ಮಗಳ ಹೆಪ್ಪು, ಕೈ ತೊಳಕೊಂಡು ಮುಟ್ರೇ” ಎಂದು ಜೋರು ಮಾಡುತ್ತಿದ್ದಳು.

ಎರಡು ಸಲ ಗುಡ್ಡಕ್ಕೆ ಹೆಪ್ಪು ಹಾಕಿದರು, ಎರಡು ಸಲವೂ ಕೆಟ್ಟಿತು. ಮೊದಲ ಸಲ ಹೆದ್ದಾರಿಯ ಲಾರಿಗಳು ಕೆಡಿಸಿದವು. ಎರಡನೆಯ ಸಲ ಲಾರಿ ನಿಲ್ಲಿಸಿದ್ದರು, ಊರು ನಿಲ್ಲಲಿಲ್ಲ. ಕಾಲೋನಿ ಇರುವುದೇ ಡಂಪಿನ ಪಾದದ ಮೇಲೆ. ಮೂರು ಸಾವಿರ ಜನ, ಬೋರ್‌ವೆಲ್ಲು, ಹಿಟ್ಟಿನ ಗಿರಣಿ, ಆಟೋ, ಮೇಲೊಂದು ಮದುವೆಯ ಬ್ಯಾಂಡು. ಮೈಕಿನಲ್ಲಿ ಸಾರಿದ್ದೇ ಸಾರಿದ್ದು, ಕೇಳಿದವರು ಯಾರು? “ನಾವೊಬ್ರು ಓಡಾಡಿದ್ರ ಗುಡ್ಡ ಅಲುಗ್ತದೇನು?” ಎಂದು ಒಬ್ಬೊಬ್ಬರೂ ಅಂದುಕೊಂಡರು, ಒಟ್ಟಿನಲ್ಲಿ ಎಲ್ಲರೂ ಓಡಾಡಿದರು. ಈಗ ತೊಟ್ಟಿಯಲ್ಲಿ ಉಳಿದಿದ್ದದ್ದು ಇನ್ನೊಂದೇ ಸಲಕ್ಕೆ ಆಗುವಷ್ಟು ಹೆಪ್ಪು. ಆಕಾಶದಲ್ಲಿ ಆಗಲೇ ಮುಂಗಾರಿನ ಮುನ್ನಿನ ಮೋಡ ಓಡಾಡುತ್ತಿದ್ದವು. ಬಲೆ ಪೂರ್ತಿಯಾಗುವ ಮೊದಲು ಮಳೆ ಬಿದ್ದರೆ ಹೆಪ್ಪೆಲ್ಲ ತೊಳೆದು ಹಳ್ಳದ ಪಾಲು.

“ಮೇಡಂ, ಮೂರು ಸಾವಿರ ಜನರನ್ನ ಒಂದಿನ ಅಲುಗದಂಗ ಕೂಡ್ಸೋದು ಅಂದ್ರ ಬ್ರಹ್ಮನಿಂದಲೂ ಸಾಧ್ಯಿಲ್ರಿ,” ಎಂದು ಜಯತೀರ್ಥ ಕೈಚೆಲ್ಲಿದ. ನಿಯಂತ್ರಣ ಕೊಠಡಿಯ ಯಂತ್ರಗಳನ್ನೆಲ್ಲ ನೋಡಿಕೊಳ್ಳುವವನು ಅವನು. ಕಳವಳವಾದಾಗಲೆಲ್ಲ ಶೇಂಗಾ ಚಿಕ್ಕಿ ಕಡಿಯುವುದು ಅವನ ಅಭ್ಯಾಸ. ಆ ಬೇಸಿಗೆಯಲ್ಲಿ ಅವನು ಕಡಿದ ಚಿಕ್ಕಿಗೆ ಮಿತಿಯೇ ಇರಲಿಲ್ಲ.

ಬಾಗಿಲ ಬಳಿ ಕೂತಿದ್ದ ಮಾಬುಸಾಬ ಆಗ ಗಂಟಲು ಸರಿಮಾಡಿಕೊಂಡ. ಗಣಿಯ ಕಾಲದಲ್ಲಿ ಬಂಡೆ ಸಿಡಿಸುವ ಬ್ಲಾಸ್ಟಿಂಗ್‌ ಹೊತ್ತಿಗೆ ಸೈರನ್ನು ಕೂಗಿಸುತ್ತಿದ್ದವನು ಅವನು. ಆಗ ಆಳುಗಳ ಹಾಜರಿ ಹಿಡಿಯುತ್ತಿದ್ದ ಹಳೆಯ ಟೈಮಾಫೀಸೇ ಈಗ ನಿಯಂತ್ರಣ ಕೊಠಡಿಯಾಗಿದ್ದರಿಂದ ಅದಕ್ಕೆ ಕಾವಲುಗಾರ.

“ಈ ಊರಾಗ ಜನ ಮೈಕಿನ ಮಾತು ಕೇಳಲ್ಲ ನೀಲವ್ವ. ಕೂಗಿನ ಮಾತು ಕೇಳ್ತಾರ. ಮ್ಯಾಲ ಮಾಳಿಗಿ ಮ್ಯಾಲ ಅದು ಹಂಗ ಐತಿ. ಎಣ್ಣಿ ಬಿಟ್ರ ತಿರುಗ್ತೈತಿ.”

ನೀಲಗಂಗಾಳ ಮೈ ಜುಮ್ಮೆಂದಿತು. ಆ ಕೂಗನ್ನು ಕೇಳದೆ ಎಷ್ಟೋ ವರ್ಷವಾಗಿತ್ತು. ಮೊದಲನೇ ಕೂಗು ಆಯಿತೆಂದರೆ ಅವಳವ್ವ ನೀರಿನ ಕೊಡಗಳ ಬಾಯಿಗೆ ಬಟ್ಟೆ ಬಿಗಿದು, ಕೋಳಿಗಳನ್ನು ಬುಟ್ಟಿಯಡಿ ಹಾಕಿ, ಮಗಳನ್ನು ರಟ್ಟೆ ಹಿಡಿದು ಎಳಕೊಂಡು ಹೊರಸು ಮಂಚದ ಕೆಳಗೆ ಸೇರುತ್ತಿದ್ದಳು. ಧಡ್ ಎಂದು ಭೂಮಿ ನಡುಗುತ್ತಿತ್ತು. ತಗಡಿನ ಮೇಲೆ ಕಲ್ಲು ಬೀಳುತ್ತಿದ್ದವು. ಎರಡನೇ ಕೂಗು ಆಗುವ ತನಕ ಯಾರೂ, ಅಂದರೆ ಯಾರೂ, ಹೊಸ್ತಿಲು ದಾಟುವ ಹಾಗಿರಲಿಲ್ಲ. ಒಮ್ಮೆ ಮಾಬುಸಾಬನ ಸ್ವಂತ ತಮ್ಮನೇ ಹೊರಗುಳಿದ ಆಡಿನ ಮರಿಗಾಗಿ ಎರಡು ಕೂಗುಗಳ ನಡುವೆ ಬಾಗಿಲು ತೆಗೆದಿದ್ದ. ಅವತ್ತಿನಿಂದ ಕಾಲೋನಿಯಲ್ಲಿ ಆ ನಿಯಮವನ್ನು ಯಾರಿಗೂ ಬಾಯಿಬಿಟ್ಟು ಹೇಳುವ ಕೆಲಸವೇ ಬೀಳಲಿಲ್ಲ.

“ಹಾಕು ಕಾಕಾ,” ಎಂದಳು ನೀಲಗಂಗಾ. “ನಾಳಿ ಹೊತ್ತು ಹುಟ್ಟೋ ಮುಂದ ಮೊದಲನೇದು ಹಾಕು. ಎರಡನೇದು ನಾ ಹೇಳಿದಾಗ.”

“ನೀ ಹೇಳಿದಾಗ,” ಎಂದ ಮಾಬುಸಾಬ.

ಆ ರಾತ್ರಿ ಉಳಿದ ಹೆಪ್ಪನ್ನೆಲ್ಲ ಗುಡ್ಡಕ್ಕೆ ಹಾಕಿದರು, ಒಂದು ದಿನ ಯಾರೂ ಹೊರಬರಬೇಡಿ ಎಂದು ಮೈಕಿನಲ್ಲೂ ಸಾರಿದರು. ಮರುದಿನ ಬೆಳಕು ಹರಿಯುತ್ತಿದ್ದ ಹಾಗೆ ಮಲ್ಲಾರಗುಡ್ಡದ ಮೇಲೆ ಆ ಕೂಗು ಎದ್ದಿತು. ಸಣ್ಣಗೆ ಶುರುವಾಗಿ, ಏರಿ ಏರಿ, ಕಣಿವೆಯನ್ನೆಲ್ಲ ತುಂಬಿ, ಮೆಲ್ಲಗೆ ಇಳಿಯಿತು. ಅಬ್ಬಬ್ಬಾ! ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ನೀಲಗಂಗಾ ದಂಗಾಗಿ ಹೋದಳು. ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದವನು ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಒಳಗೆ ನುಗ್ಗಿದ. ಹೆಂಗಸರು ಕೊಡಗಳ ಮೇಲೆ ಬಟ್ಟೆ ಹೊದಿಸಿದರು. ಗಣಿ ಮುಚ್ಚಿದ ಮೇಲೆ ಹುಟ್ಟಿ, ಈ ಕೂಗನ್ನು ಒಮ್ಮೆಯೂ ಕೇಳದ ಮಕ್ಕಳನ್ನು ದೊಡ್ಡವರ ಕೈಗಳು ತಾವಾಗೇ ಎಳೆದುಕೊಂಡವು. ಒಂದಾದ ಮೇಲೆ ಒಂದು ಬಾಗಿಲು ಮುಚ್ಚಿದವು, ಬೀದಿಯಲ್ಲಿ ಒಂದು ನರಪಿಳ್ಳೆಯೂ ಉಳಿಯಲಿಲ್ಲ.

ಹೆದ್ದಾರಿಯನ್ನು ಜಿಲ್ಲಾಧಿಕಾರಿಯವರು ಮೊದಲೇ ನಿಲ್ಲಿಸಿದ್ದರು, ರೈಲನ್ನೂ ತಡೆಸಿದ್ದರು. ಕೊಠಡಿಯ ತೆರೆಯ ಮೇಲೆ ನೆಲದ ನಡುಕವನ್ನು ತೋರಿಸುವ ಗೆರೆ ಯಾವಾಗಲೂ ಗಿಜಿಗಿಜಿ ಕುಣಿಯುತ್ತಿರುತ್ತಿತ್ತು. ಅದು ಸಣ್ಣಗಾಗುತ್ತ ಆಗುತ್ತ, ಕೊನೆಗೆ ಹೊಲಿದಿಟ್ಟ ದಾರದ ಹಾಗೆ ನೆಟ್ಟಗೆ ಮಲಗಿತು. ಜಯತೀರ್ಥ ಚಿಕ್ಕಿಯನ್ನು ಕಡಿಯಲು ಹೆದರಿ ಬಾಯಲ್ಲೇ ಕರಗಿಸಿದ. ನೀಲಗಂಗಾ ಹುಟ್ಟಿದ ಊರಿನಲ್ಲಿ ಎಂದೂ ಕೇಳದ ಒಂದು ಸದ್ದು ಆಗ ಕೇಳಿಸಿತು. ಎಲ್ಲೋ ಕುರುಚಲಿನಲ್ಲಿ ಒಂದು ಕೌಜುಗ ಹಕ್ಕಿ ಕೂಗುತ್ತಿತ್ತು. ಇಷ್ಟು ವರ್ಷ ಅದು ಕೂಗುತ್ತಲೇ ಇತ್ತೇನೋ, ಪಾಪ.

ಗುಡ್ಡದ ತುಂಬ ನೆಟ್ಟ ಕಬ್ಬಿಣದ ಸರಳುಗಳು ಬಲೆ ಎಲ್ಲಿಯ ತನಕ ಬಂತೆಂದು ಹೇಳುತ್ತಿದ್ದವು. ತೆರೆಯ ಮೇಲಿನ ಗುಡ್ಡದ ಚಿತ್ರದಲ್ಲಿ ಬುಡದ ಚುಕ್ಕೆಗಳು ಒಂದೊಂದೇ ಕೆಂಪಿನಿಂದ ಹಸಿರಿಗೆ ತಿರುಗಿದವು. ಮಧ್ಯಾಹ್ನಕ್ಕೆ ಹಸಿರು ಸೊಂಟಕ್ಕೆ ಬಂತು. ಸಂಜೆಗೆ ಎದೆ ದಾಟಿತು. ಸತ್ತದ್ದು, ಹಾಳು ಎಂದು ಇಡೀ ಲೋಕ ಕೈಬಿಟ್ಟ ಆ ಕಸದ ರಾಶಿಯೊಳಗೆ ಕಣ್ಣಿಗೆ ಕಾಣದ ಜೀವಗಳು ಕತ್ತಲಲ್ಲಿ ಒಂದನ್ನೊಂದು ತಡಕುತ್ತ, ಕೈ ಹಿಡಿಯುತ್ತ ಮೇಲಕ್ಕೆ ಹತ್ತುತ್ತಿದ್ದವು. ನೋಡನೋಡುತ್ತ ಅವಳ ಕಣ್ಣು ತುಂಬಿ ಬಂತು.

ಆದರೆ ಮರುದಿನ ಸೂರ್ಯ ಹುಟ್ಟಿದಾಗ ನೆತ್ತಿಯ ಚುಕ್ಕೆಗಳು ಇನ್ನೂ ಕೆಂಪಗೇ ಇದ್ದವು.

“ಗಾಜಿನ ತೊಟ್ಟಿಯೊಳಗ ಸಣ್ಣ ಮರಳಿತ್ರಿ,” ಎಂದ ಜಯತೀರ್ಥ ಪಿಸುದನಿಯಲ್ಲಿ. “ಇಲ್ಲಿ ನೆತ್ತಿಯೊಳಗ ಬರೇ ಬಂಡಿಗಲ್ಲು. ಸುತ್ತಿ ಬಳಸಿ ಹೋಗ್ಬೇಕು. ನಾವು ಲೆಕ್ಕಕ್ಕ ಅದನ್ನ ಹಿಡೀಲಿಲ್ಲ.”

ಜಿಲ್ಲಾಧಿಕಾರಿಯವರ ಫೋನು ಬಂತು. ಒಳ್ಳೆಯ ಹೆಂಗಸು, ಮಾತು ಮಾತ್ರ ನೇರ. “ನೀಲಗಂಗಾ, ರಸ್ತೆ ನನ್ನ ಕೈಯಲ್ಲಿದೆ, ಸಂಜೆಯವರೆಗೆ ಹಿಡಿದಿಡ್ತೀನಿ. ಜನ ನನ್ನ ಕೈಯಲ್ಲಿಲ್ಲ. ಒಂದು ದಿನ ಅಂತ ಹೇಳಿದ್ವಿ, ದಿನ ಮುಗೀತು. ಅವರು ಹೊರಗೆ ಬರ್ತಾರೆ. ಏನ್ಮಾಡೋಕಾಗುತ್ತೆ, ನಿಮ್ಮ ಪ್ರಯತ್ನ ನೀವು ಮಾಡಿದ್ರಿ.”

ನೀಲಗಂಗಾ ಫೋನು ಕೆಳಗಿಟ್ಟು ಮೇಜಿನ ಮೇಲೆ ತಲೆಯಿಟ್ಟಳು. ಈಗ ಬಾಗಿಲು ತೆರೆಯುತ್ತವೆ, ಈಗ ಗಿರಣಿ ಶುರುವಾಗುತ್ತದೆ, ಈಗ ಗೆರೆ ಕುಣಿಯುತ್ತದೆ ಎಂದು ಕಣ್ಣು ಮುಚ್ಚಿ ಕಾದಳು. ಅವ್ವನ ಮನೆ, ಹಿತ್ತಲು, ಆ ಬೀದಿ, ಎಲ್ಲವೂ ಲಾರಿ ಹತ್ತಿ ಬಯಲಿಗೆ ಹೋಗುವುದು ಕಣ್ಣ ಮುಂದೆ ಬಂತು. ಸೂರ್ಯ ಕಿಟಕಿಯ ಮೇಲಕ್ಕೇರಿದ.

“ಮೇಡಂ,” ಜಯತೀರ್ಥನ ದನಿ ವಿಚಿತ್ರವಾಗಿತ್ತು. “ಗೆರಿ ಅಲುಗಿಲ್ರಿ.”

ತಲೆಯೆತ್ತಿ ನೋಡಿದಳು. ಗೆರೆ ನೆಟ್ಟಗೆ ಮಲಗಿತ್ತು. ಕಿಟಕಿಗೆ ಓಡಿದಳು. ಕಾಲೋನಿಯಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ, ಒಂದು ಒಲೆಯ ಹೊಗೆಯೂ ಇಲ್ಲ. ಒಂದು ಕ್ಷಣ ಅವಳ ಜೀವವೇ ಬಾಯಿಗೆ ಬಂತು, ಎಲ್ಲರಿಗೂ ಏನಾದರೂ ಆಗಿಹೋಯಿತೇ ಎಂದು. ಆಮೇಲೆ ತಟ್ಟನೆ ಹೊಳೆಯಿತು. ಮಾಬುಸಾಬನಿಗೆ ಅವಳು ಹೇಳಿಯೇ ಇರಲಿಲ್ಲ. ಎರಡನೇ ಕೂಗು ಆಗಿರಲಿಲ್ಲ!

ಮೈಕಿನಲ್ಲಿ ಒಂದೇ ದಿನ ಎಂದು ಸಾರಿದ್ದೇನೋ ನಿಜ. ಮೈಕಿನ ಮಾತು ಯಾರಿಗೆ ಬೇಕು? ಕೂಗು ಹಾಕಿದ ಮೇಲೆ ಕೂಗೇ ಬಿಡಿಸಬೇಕು. ಇದೇ ಕಾಲೋನಿಯಲ್ಲಿ ಹುಟ್ಟಿ, ಹೊರಸಿನ ಕೆಳಗೆ ಅವ್ವನ ಕಂಕುಳಲ್ಲಿ ಕೂತು ಬೆಳೆದ ತಾನೇ ಅದನ್ನು ಮರೆತೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

“ಮೇಡಂ, ನಾವಂತೂ ಏನೂ ಹೇಳಿಲ್ಲ,” ಎಂದ ಜಯತೀರ್ಥ, ಕಣ್ಣು ತಪ್ಪಿಸುತ್ತ. “ಅವರಾಗೇ ಕೂತಾರ. ಇನ್ನೊಂದೀಟು ಹೊತ್ತು ಕೂತಿರ್ಲಿ ಬಿಡ್ರಿ. ಸಂಜಿತನಕ ಸಿಕ್ಕರ ಸಾಕು…”

ಆಸೆ ಅವಳಿಗೂ ಆಯಿತು, ಆಗಲಿಲ್ಲ ಎಂದರೆ ಸುಳ್ಳು. ಸುಮ್ಮನಿದ್ದರೆ ಸಾಕಿತ್ತು, ಊರು ಉಳಿಯುತ್ತಿತ್ತು. ಆದರೆ ಮೇ ತಿಂಗಳ ಬಿಸಿಲು ತಗಡಿನ ಮೇಲೆ ಕಾಯುತ್ತಿತ್ತು. ಒಂದು ದಿನಕ್ಕೆಂದು ತುಂಬಿಟ್ಟ ನೀರು ಎಲ್ಲ ಮನೆಗಳಲ್ಲೂ ಮುಗಿದಿರಬೇಕು. ಹೊರಗೆ ಕಾಲಿಟ್ಟರೆ ತಲೆಯ ಮೇಲೆ ಕಲ್ಲು ಬೀಳುತ್ತದೆ ಎಂಬ ಹಳೆಯ ಭಯದಲ್ಲಿ ಅಷ್ಟು ಜನ ಕೂತಿದ್ದಾರೆ, ಅಲ್ಲಿ ಕಲ್ಲೂ ಇಲ್ಲ, ಏನೂ ಇಲ್ಲ. ಈ ಜನರನ್ನು ಹೀಗೆ ಕೂಡಿಹಾಕಿ ಬೇಕಾದ್ದು ತೆಗೆದುಕೊಂಡವರು ಮೊದಲೂ ಇದ್ದರು.

“ಬ್ಯಾಡ ಜಯತೀರ್ಥ. ಹೇಳದ ಕೂಡ್ಸಿದ್ರ ಕಂಪನಿಗೂ ನಮಗೂ ಏನ್ ಫರಕು?” ಎಂದು ಚಪ್ಪಲಿ ಬಿಟ್ಟಳು.

ಮಾಳಿಗೆಯ ಮೇಲೆ ಮಾಬುಸಾಬ ಸೈರನ್ನಿನ ಹಿಡಿಕೆಯ ಮೇಲೆ ಕೈಯಿಟ್ಟುಕೊಂಡು ನೆಟ್ಟಗೆ ಕೂತಿದ್ದ. ಕಣ್ಣು ಕೆಂಪಗಾಗಿದ್ದವು. “ಹಾಕ್ಲೇನವ್ವ?”

ಹಾಕಿದರೆ ಮೂರು ಸಾವಿರ ಜನ ಒಂದೇ ಸಲ ಹೊರಬೀಳುತ್ತಾರೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ. “ಇನ್ನೀಟು ಇರು ಕಾಕಾ. ನಾ ಮೊದ್ಲು ಹೋಗಿ ಅವರನ್ನ ಕೇಳಿ ಬರ್ತೀನಿ.”

“ಇರ್ತೀನಿ. ಹಿಡಿಕಿ ಬಿಟ್ಟು ನಾ ಎಲ್ಲಿ ಹೋಗ್ಲಿ?”

ಬರಿಗಾಲಲ್ಲಿ, ಮೊಟ್ಟೆಯ ಮೇಲೆ ನಡೆದ ಹಾಗೆ ಅವಳು ಇಳಿದು ಹೋದಳು. ನೆಲ ಕೆಂಡದ ಹಾಗೆ ಸುಡುತ್ತಿತ್ತು. ಮನೆಗಳ ಮುಂದೆ ಬಟ್ಟೆ ಬಿಗಿದ ಕೊಡಗಳು ಸಾಲಾಗಿ ನಿಂತಿದ್ದವು. ನಾಯಿಗಳು ನೆರಳಿನಲ್ಲಿ ಮಲಗಿ ಕಣ್ಣಷ್ಟೇ ಹೊರಳಿಸಿ ಅವಳನ್ನು ನೋಡಿದವು. ಇಷ್ಟು ಜನರಿರುವ ಬೀದಿ ಇಷ್ಟು ಸುಮ್ಮನಿರಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಅವ್ವನ ಮನೆಯ ಬಾಗಿಲ ಸಂದಿಗೆ ಬಾಯಿಟ್ಟಳು.

“ಯವ್ವಾ…”

“ಯಾರದು?” ಒಳಗಿನಿಂದ ಪಿಸುದನಿಯಲ್ಲೇ ಬೈಗುಳ ಬಂತು. “ಎರಡನೇ ಕೂಗು ಆಗಿಲ್ಲ, ಕಿವ್ಯಾಗೇನು ಬೆಣಿ ಬಡಕೊಂಡೀಯಾ? ಒಳಗ ಬಾ, ಇಲ್ಲಾ ಹೋಗ್ ಸಾಯಿ!”

“ಯವ್ವಾ, ನಾ ನೀಲ.”

“ನೀಲ ಆದ್ರ ಕಲ್ಲು ಬಳಸಿ ಹೋಗ್ತೈತೇನು?” ಬಾಗಿಲು ಒಂದು ಗೇಣು ತೆರೆಯಿತು, ಕೈಯೊಂದು ಹೊರಗೆ ಬಂದು ಅವಳ ರಟ್ಟೆ ಹಿಡಿದು ಒಳಗೆ ಎಳಕೊಂಡಿತು.

ಒಳಗೆ ಒಲೆಯ ಹಾಗೆ ಕಾವು. ಓಬಮ್ಮ ಸೆರಗಿನ ಉಂಡೆಯನ್ನು ಬಾಯಿಗೆ ಒತ್ತಿ ಹಿಡಿದಿದ್ದಳು, ಮುಖ ಊದಿಕೊಂಡಿತ್ತು, ಕಣ್ಣಲ್ಲಿ ನೀರು. ನೀಲಗಂಗಾ ಗಾಬರಿಯಾಗಿ ಅವಳನ್ನು ಹಿಡಿದುಕೊಂಡಳು. ಏನಾಗಿದೆಯೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಅವಳವ್ವ ನಿನ್ನೆ ಬೆಳಗಿನಿಂದ ಕೆಮ್ಮಿರಲಿಲ್ಲ. ಬಂದ ಬಂದ ಕೆಮ್ಮನ್ನೆಲ್ಲ ಸೆರಗಿನಲ್ಲಿ ಅದುಮಿ ನುಂಗಿಕೊಂಡು ಕೂತಿದ್ದಳು.

“ಯವ್ವಾ, ನೀ ಕೆಮ್ಮಿದ್ರ ಗುಡ್ಡ ಅಲುಗಲ್ಲವ್ವ! ಯಾರಂದ್ರು ನಿನಗ? ಕೆಮ್ಮು. ಕೆಮ್ಮವ್ವ ನೀ.”

“ನಿನಗೇನ್ ಗೊತ್ತು,” ಎಂದಳು ಓಬಮ್ಮ ಏದುಸಿರು ಬಿಡುತ್ತ. “ಹೋದ ಸಲ ಎಲ್ರೂ ಹಂಗ ಅಂದ್ರು. ನಾನೊಬ್ಬಾಕಿ, ನಾನೊಬ್ಬಾಕಿ ಅಂತ. ಹೆಪ್ಪು ಕೆಟ್ತೋ ಇಲ್ಲೋ?”

ನೀಲಗಂಗಾಳಿಗೆ ದುಃಖ ಒತ್ತರಿಸಿ ಬಂತು. ಅವ್ವನ ಮಡಿಲಲ್ಲಿ ಮುಖವಿಟ್ಟು ಸದ್ದಿಲ್ಲದೆ ಅತ್ತಳು. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. “ಹೊರಗ ಏನೂ ಇಲ್ಲವ್ವ. ಕಲ್ಲು ಬೀಳಲ್ಲ. ನಾವು ಕೇಳಿದ ದಿನ ಮುಂಜಾನೆಗೇ ಮುಗೀತು. ಕಾಕಾಗ ಕೂಗು ಹಾಕು ಅನ್ನೋದು ನಾನಾ ಮರ್ತೆ. ನೀವೆಲ್ಲ ಹೊರಗ ಬರಬೌದು.”

“ಹೆಪ್ಪಾತೇನು?”

“ಇಲ್ಲ. ನೆತ್ತಿ ತನಕ ಬಂದು ನಿಂತೈತಿ. ಇನ್ನೆಷ್ಟು ಹೊತ್ತು ಬೇಕೋ ಗೊತ್ತಿಲ್ಲ. ಆಗದಾ ಇದ್ರೂ ಇರಬೌದು.”

ಓಬಮ್ಮ ಮಗಳನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದಳು. “ಮತ್ತ ಹೊರಗ ಬಂದು ಏನ್ ಮಾಡ್ಬೇಕು? ಹಾಲು ಇನ್ನ ನೀರಿದ್ದಂಗ ಐತಿ ಅಂತೀ, ಗಡಿಗಿ ಅಲುಗಿಸು ಅಂತೀ.” ಎಂದವಳೇ ಎದ್ದು ಪಕ್ಕದ ಮನೆಯ ಗೋಡೆಗೆ ಹೋಗಿ ಬೆರಳಿನಿಂದ ಮೆಲ್ಲಗೆ ಕೆರೆದಳು. ಸಾಲು ಮನೆಗಳು, ಒಂದೇ ಗೋಡೆ, ಅತ್ತ ಪಿಸುಗುಟ್ಟಿದರೆ ಇತ್ತ ಕೇಳುವಂಥದ್ದು. “ಕೊಟ್ರಮ್ಮಾ, ಏ ಕೊಟ್ರಮ್ಮಾ… ಕಲ್ಲು ಬೀಳಲ್ಲಂತ, ಹೊರಗ ಹೋಗಾಕ ಅಡ್ಡಿಲ್ಲಂತ. ಆದ್ರ ಹೆಪ್ಪು ಇನ್ನ ಆಗಿಲ್ಲ. ಕೂಡೋರು ಕೂಡ್ರಿ, ಹೋಗೋರು ಬರಿಗಾಲಾಗ ಹೋಗ್ರಿ. ನಾ ಕೂಡ್ತೀನಿ. ಆಕಡಿ ಮನಿಗೂ ಹೇಳು.”

ಗೋಡೆಯಿಂದ ಗೋಡೆಗೆ ಮಾತು ಹೋಯಿತು. ಕಾಲೋನಿಯ ಕೊನೆಯ ತನಕ ಹೋಗಿ, ಕೆಳಗಿನ ಸಾಲಿನಿಂದ ತಿರುಗಿ ಬಂತು. ಒಬ್ಬ ಗಂಡಸು ಮಾತ್ರ ಇವರ ಗುಡ್ಡಕ್ಕಿಷ್ಟು ಬೆಂಕಿ ಹಾಕ ಎಂದು ಬೈದನಂತೆ, ಬೈದು ಅಲ್ಲೇ ಕೂತನಂತೆ. ಇಬ್ಬರು ಬಸುರಿಯರನ್ನೂ ಒಬ್ಬ ಜ್ವರದ ಮುದುಕನನ್ನೂ ಜೋಲಿಯಲ್ಲಿ ಮೆಲ್ಲಗೆ ಹೊತ್ತು ನೆರಳಿಗೆ ಸಾಗಿಸಿದರು. ಉಳಿದ ಯಾವ ಬಾಗಿಲೂ ತೆರೆಯಲಿಲ್ಲ. ನಿಯಂತ್ರಣ ಕೊಠಡಿಯವರೆಲ್ಲ ಚಪ್ಪಲಿ ಬಿಟ್ಟು ಮನೆಮನೆಗೆ ನೀರು ಹೊತ್ತರು. ಜಯತೀರ್ಥನೂ ಅಂಗಿಯ ತೋಳು ಮಡಿಚಿ, ಸೊಂಟದ ಮೇಲೆ ಕೊಡ, ಒಂದು ಕೈಯಲ್ಲಿ ತನ್ನ ಚಿಕ್ಕಿಯ ಡಬ್ಬಿ ಹಿಡಿದು, ಬಾಗಿಲ ಸಂದಿಯಿಂದ ಮಕ್ಕಳ ಕೈಗೆ ಒಂದೊಂದು ತುಂಡು ಕೊಡುತ್ತ ಹೋದ. ಅವನ ಜೀವಮಾನದಲ್ಲಿ ಅವನು ಹಂಚಿಕೊಂಡ ಮೊದಲ ಡಬ್ಬಿ ಅದು.

ಸಂಜೆಯಾಯಿತು. ಪಡುವಣದಲ್ಲಿ ಕರಿಮೋಡ ಎದ್ದು ನಿಂತಿತ್ತು. ನೀಲಗಂಗಾ ಅವ್ವನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. ಫೋನನ್ನು ತಿರುಗಿ ತಿರುಗಿ ನೋಡುತ್ತಿದ್ದಳು. ನೆತ್ತಿಯ ಚುಕ್ಕೆಗಳಲ್ಲಿ ಒಂದು ಮಾತ್ರ ಕೆಂಪಗೆ ಉಳಿದಿತ್ತು. ಗುಡುಗು ಸಣ್ಣಗೆ ಉರುಳಿತು, ಅವಳು ಕಣ್ಣು ಬಿಗಿಯಾಗಿ ಮುಚ್ಚಿದಳು.

ಮೊದಲು ಬಂದದ್ದು ವಾಸನೆ.

“ಮಳಿ ಬಂತೇನ?” ಎಂದಳು ಓಬಮ್ಮ, ಮೂಗರಳಿಸಿ.

ಮಳೆ ಬಂದಿರಲಿಲ್ಲ. ಒಂದು ಹನಿಯೂ ಬಿದ್ದಿರಲಿಲ್ಲ. ಆದರೆ ಕಾದ ನೆಲಕ್ಕೆ ಮೊದಲ ಮಳೆ ಬಿದ್ದಾಗ ಏಳುವ ಆ ವಾಸನೆ, ಎಂಥ ಮುದುಕರನ್ನೂ ಒಂದು ಗಳಿಗೆ ಮಕ್ಕಳನ್ನಾಗಿ ಮಾಡುವ ಆ ವಾಸನೆ, ಬಾಗಿಲ ಸಂದಿಯಿಂದ, ತಗಡಿನ ತೂತಿನಿಂದ, ನೆಲದೊಳಗಿನಿಂದಲೇ ಎದ್ದು ಮನೆಯನ್ನೆಲ್ಲ ತುಂಬಿತು. ಮಲ್ಲಾರಗುಡ್ಡದಲ್ಲಿ ಮಳೆಗೆ ಅಂಥ ವಾಸನೆಯೇ ಇಲ್ಲದೆ ಎಷ್ಟೋ ವರ್ಷವಾಗಿತ್ತು. ಬದುಕಿದ ಮಣ್ಣಿಗೆ ಮಾತ್ರ ಇರುವ ವಾಸನೆ ಅದು, ಮಣ್ಣಿನ ಜೀವಿಗಳೇ ಬಿಡುವಂಥದ್ದು. ಒಂದು ಇಡೀ ಗುಡ್ಡದ ಜೀವಿಗಳು ಅದನ್ನು ಒಂದೇ ಉಸಿರಿಗೆ ಬಿಟ್ಟಿದ್ದವು.

ನೀಲಗಂಗಾ ಹಿತ್ತಲ ಬಾಗಿಲು ತೆಗೆದಳು. ಹಗಲಿರುಳೂ ಡಂಪಿನ ತಲೆಯ ಮೇಲೆ ಕೆಂಪು ರುಮಾಲಿನಂತೆ ಸುತ್ತಿಕೊಂಡಿರುತ್ತಿದ್ದ ಧೂಳು ಇರಲಿಲ್ಲ. ಬೆಳಕು ಇನ್ನೂ ಚೆನ್ನಾಗಿತ್ತು. ನೆತ್ತಿಯಲ್ಲಿ ಕಪ್ಪಗಿನ ಒಂದು ಬಣ್ಣ ಹುಟ್ಟಿ, ಒಣಬಟ್ಟೆ ನೀರು ಹೀರಿದ ಹಾಗೆ, ನೋಡನೋಡುತ್ತ ಕೆಳಗಿಳಿಯಿತು. ಎದೆ, ಸೊಂಟ, ಪಾದ. ಅದರ ಹಿಂದೆಯೇ ಒಂದು ಸದ್ದು ಬಂತು. ಸಂದುಗಳಲ್ಲಿ ತುಂಬಿದ್ದ ಗಾಳಿ ಒಟ್ಟಿಗೇ ಹೊರಬಿದ್ದ ಸದ್ದು ಎಂದು ಆಮೇಲೆ ಜಯತೀರ್ಥ ಲೆಕ್ಕ ಹಾಕಿ ಹೇಳಿದ, ಸರಿಯೇ ಇರಬೇಕು. ಆ ಹೊತ್ತಿಗೆ ಮಾತ್ರ ಅದು ದಿನವೆಲ್ಲ ದುಡಿದ ಹೆಂಗಸು ಬುಟ್ಟಿ ಇಳಿಸಿ ಬಿಟ್ಟ ನಿಟ್ಟುಸಿರಿನಂತಿತ್ತು. ನೀಲಗಂಗಾ ಹತ್ತು ವರ್ಷ ಇದನ್ನೇ ಓದಿದವಳು, ಇದನ್ನೇ ಕಾದವಳು. ಆದರೂ ಅವಳ ಕೈ ತಾವಾಗೇ ಮುಗಿದವು.

ಫೋನು ಅದುರಿತು. ಜಯತೀರ್ಥ ಒಂದೇ ಮಾತು ಬರೆದಿದ್ದ: “ಆತು.”

ಅವಳು ಬೀದಿಗೆ ಬಂದು ಟೈಮಾಫೀಸಿನ ಕಡೆ ತಿರುಗಿ, ಸೆರಗು ಬಿಚ್ಚಿ ಬೀಸಿದಳು. ಎರಡನೇ ಕೂಗು ಎದ್ದಿತು. ಅಂಥ ಉದ್ದನೆಯ ಕೂಗನ್ನು ಮಾಬುಸಾಬ ಗಣಿಯ ಕಾಲದಲ್ಲೂ ಹಾಕಿರಲಿಲ್ಲ. ಎಲ್ಲ ಬಾಗಿಲುಗಳೂ ಒಟ್ಟಿಗೇ ತೆರೆದವು. ಕೇಕೆ ಹಾಕುತ್ತಾರೆ ಎಂದುಕೊಂಡಿದ್ದಳು, ಯಾರೂ ಹಾಕಲಿಲ್ಲ. ಮೂರು ಸಾವಿರ ಜನ ಬೀದಿಯಲ್ಲಿ ನಿಂತು, ಮುಖ ಮೇಲೆತ್ತಿ, ಸುಮ್ಮನೆ ಗಾಳಿಯನ್ನು ಮೂಸುತ್ತಿದ್ದರು.

ಅದೇ ಗುಡ್ಡದ ಮೇಲೆ ಈಗ ಎಳ್ಳು, ಹುರುಳಿ, ಸೀತಾಫಲ. ತೊಟ್ಟಿಗಳಲ್ಲಿ ಕಾಲೋನಿಯ ಹೆಂಗಸರು ಹೆಪ್ಪು ಬೆಳೆಸುತ್ತಾರೆ. ಗಣಿ ಬಿಟ್ಟುಹೋದ ಬೇರೆ ಬೇರೆ ಊರುಗಳ ಜನ ಕ್ಯಾನು ಹಿಡಿದುಕೊಂಡು ಬಂದು ಕೇಳಿ ಒಯ್ಯುತ್ತಾರೆ. ಅದೇ ಈಗ ಊರಿನ ದುಡಿಮೆ. ಲೇಔಟಿನ ಮಾತನ್ನು ಯಾರೂ ಎತ್ತುವುದಿಲ್ಲ. ಆದರೆ ಅದೆಲ್ಲ ಆಮೇಲಿನದು.

ಅವತ್ತು ಕೂಗು ಇಳಿಯುವಷ್ಟರಲ್ಲಿ ಮಳೆ ಬಂತು. ಜೋರು ಮಳೆ. ಯಾರೂ ಒಳಗೆ ಹೋಗಲಿಲ್ಲ, ಎಲ್ಲರೂ ಹಳ್ಳದ ಸೇತುವೆಗೆ ಹೋದರು. ಗುಡ್ಡದ ನೀರು ಬರುವುದು ಅಲ್ಲಿಗೇ, ಕೆಂಪು ಬರುತ್ತದೋ ಇಲ್ಲವೋ ನೋಡಬೇಕಿತ್ತು. ಕಾದರು. ಮೊದಲೆಲ್ಲ ಹನಿ ಬಿದ್ದ ಕೂಡಲೇ ಹುಚ್ಚೆದ್ದು ಬರುತ್ತಿದ್ದ ಹಳ್ಳ ಬರಲೇ ಇಲ್ಲ. ಗುಡ್ಡ ನೀರು ಕುಡಿಯುತ್ತಿತ್ತು. ಹೊಟ್ಟೆ ತುಂಬ ಕುಡಿದು, ಉಳಿದದ್ದನ್ನು ಸಣ್ಣಗೆ ಬಿಟ್ಟಿತು. ಕಲ್ಲುಗಳ ನಡುವೆ ಒಂದು ಎಳೆ ನೀರು ಬಂತು, ಹಿಂದೆ ಇನ್ನೊಂದಿಷ್ಟು. ಎಲ್ಲರೂ ಬಗ್ಗಿ ನೋಡಿದರು.

ಯಾರದೋ ಸೊಂಟದ ಮೇಲಿದ್ದ ಒಂದು ಮಗು ಕೂಗಿತು: “ಯವ್ವಾ, ಈ ನೀರಿಗೆ ಬಣ್ಣಾನ ಇಲ್ಲ!”

ಮಲ್ಲಾರಗುಡ್ಡ ಆಗ ಅತ್ತಿತು, ನಕ್ಕಿತು, ಮಳೆಯಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡಿತು. ನೀಲಗಂಗಾ ಸುತ್ತ ನೋಡಿದಳು, ಅವ್ವ ಕಾಣಲಿಲ್ಲ. ಹುಡುಕಿಕೊಂಡು ಮನೆಗೆ ಬಂದಳು.

ಓಬಮ್ಮ ಮನೆಯ ಮುಂದೆ ಮಳೆಯಲ್ಲಿ ತೊಯ್ಯುತ್ತ ನಿಂತಿದ್ದಳು. ಮದುವೆಯಾಗಿ ಈ ಕಾಲೋನಿಗೆ ಬಂದ ದಿನದಿಂದ ಅವಳು ಬಟ್ಟೆ ಬಿಗಿಯದೆ ಒಂದು ಕೊಡವನ್ನೂ ಹೊರಗಿಟ್ಟವಳಲ್ಲ. ಈಗ ಬಗ್ಗಿ ಕೊಡದ ಬಾಯಿಂದ ಆ ಕೆಂಪು ಬಟ್ಟೆಯನ್ನು ಬಿಚ್ಚಿದಳು. ಒಗೆದೂ ಒಗೆದೂ ಕೆಂಪು ಹೋಗದ ಬಟ್ಟೆ. ಅದನ್ನು ಹಿಂಡಿ ತಂತಿಯ ಮೇಲೆ ಹಾಕಿ, ಕೊಡವನ್ನು ಬಾಯಿ ತೆರೆದು ಮಳೆಗೆ ಒಡ್ಡಿ ಇಟ್ಟಳು. ಮಗಳನ್ನು ಕಂಡು, “ಬಾ, ಒಳಗ ಹೋಗೂಣು,” ಎಂದಳು. ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು, ಗುಡ್ಡದ ಕಡೆ ಮುಖ ಮಾಡಿ, ಎರಡು ದಿನದ ಕೆಮ್ಮನ್ನೆಲ್ಲ ಸಮಾಧಾನವಾಗಿ ಕೆಮ್ಮಿದಳು.